ತೊರೆಯ ಕೀಟಗಳಲ್ಲಿ ಉಳಿದ ಆಮ್ಲಮಳೆಯ ಚರಿತ್ರೆ

ಬ್ರಿಟನ್ನಿನ ಕೈಗಾರಿಕಾ ಯುಗದ ಚರಿತ್ರೆಯನ್ನು ಕಾರ್ಖಾನೆಗಳ ಕಡತಗಳಿಂದಲೂ ಕಾರ್ಮಿಕ ಚಳವಳಿಗಳಿಂದಲೂ ಕಟ್ಟುವುದು ವಾಡಿಕೆ. ಅದೇ ಯುಗದ ಇನ್ನೊಂದು ಬಗೆಯ ಸಾಕ್ಷ್ಯ ವೇಲ್ಸ್‌ನ ಬೆಟ್ಟದ ತೊರೆಗಳಲ್ಲಿ, ಕಲ್ಲುಗಳ ಅಡಿಯಲ್ಲಿ ಬದುಕುವ ಕೀಟಗಳಲ್ಲಿ ದೊರೆಯುತ್ತದೆ.

ಮ್ಯಾಂಚೆಸ್ಟರ್ ನಗರದ ಮಳೆಯಲ್ಲಿ ಗಂಧಕಾಮ್ಲವಿರುವುದನ್ನು ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1852ರಲ್ಲಿಯೇ ವರದಿ ಮಾಡಿದ್ದನು. 1872ರ ತನ್ನ ಗ್ರಂಥದಲ್ಲಿ 'ಆಮ್ಲಮಳೆ' ಎಂಬ ಪದವನ್ನೂ ಬಳಸಿದನು. ವಿದ್ವತ್ ಲೋಕ ಅದನ್ನು ಸುಮಾರು ಒಂದು ಶತಮಾನ ಮರೆತೇಬಿಟ್ಟಿತು. 1967ರಲ್ಲಿ ಸ್ವೀಡನ್ನಿನ ಸ್ವಾಂಟೆ ಓಡೆನ್, ಅನ್ಯದೇಶಗಳ ಹೊಗೆಯೇ ತಮ್ಮ ನಾಡಿನ ಕೆರೆಗಳನ್ನು ಆಮ್ಲೀಯಗೊಳಿಸುತ್ತಿದೆಯೆಂದು ಪತ್ರಿಕೆಯೊಂದರಲ್ಲಿ ಬರೆದ ಮೇಲೆ ವಿಷಯ ರಾಜಕೀಯ ಸ್ವರೂಪ ಪಡೆಯಿತು. ಗಂಧಕದ ಹೊಗೆಯನ್ನು ಶೇಕಡಾ 30ರಷ್ಟು ತಗ್ಗಿಸುವ 1985ರ ಹೆಲ್ಸಿಂಕಿ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಲಿಲ್ಲ. ತನ್ನದೇ ಬೆಟ್ಟಗಳ ತೊರೆಗಳು ಬರಿದಾಗುತ್ತಿದ್ದ ಕಾಲದಲ್ಲಿ ಆ ದೇಶ ತಳೆದ ಈ ನಿಲುವು ವಿಚಿತ್ರವೆಂದೇ ಹೇಳಬೇಕು.

ಆಮ್ಲ ಕೀಟವನ್ನು ಕೊಲ್ಲುವ ಬಗೆ ನೇರವಾದುದಲ್ಲ. ಸುಣ್ಣದಂಶ ಕಡಮೆಯಿರುವ ಶಿಲೆಗಳ ಪ್ರದೇಶದಲ್ಲಿ ಮಣ್ಣಿಗೆ ಆಮ್ಲವನ್ನು ತಟಸ್ಥಗೊಳಿಸುವ ಶಕ್ತಿ ಸ್ವಲ್ಪವೇ. ಅದು ಮುಗಿದಂತೆ ಮಣ್ಣಿನ ಅಲ್ಯುಮಿನಿಯಂ ಕರಗಿ ನೀರಿಗೆ ಸೇರುತ್ತದೆ. ಕೀಟದ ದೇಹದಿಂದ ಸೋಡಿಯಂ ಸೋರಿಹೋಗುತ್ತದೆ. ಕಿವಿರುಗಳಿಗೆ ಹಾನಿ ತಗಲುತ್ತದೆ. ಬೀಟಿಸ್ ಮೊದಲಾದ ಮೇಫ್ಲೈ ಕುಲಗಳು ಮೊದಲು ಮಾಯವಾಗುತ್ತವೆ. ಲ್ಯೂಕ್ಟ್ರಾದಂತಹ ಸ್ಟೋನ್‌ಫ್ಲೈಗಳು ಉಳಿಯುತ್ತವೆ. ಆದುದರಿಂದ ಆಮ್ಲೀಯ ತೊರೆ ನಿರ್ಜೀವವಲ್ಲ. ಅಲ್ಲಿ ಜೀವಿಗಳಿವೆ, ಬಗೆಗಳು ಮಾತ್ರ ಕಡಮೆ. ದಾರಿಹೋಕನ ಕಣ್ಣಿಗೆ ಆ ನೀರು ತಿಳಿಯಾಗಿಯೇ ಕಾಣುತ್ತದೆ.

ಅಮೆರಿಕದ ಹಬ್ಬರ್ಡ್ ಬ್ರೂಕ್ ಪ್ರದೇಶದಲ್ಲಿ 1977ರಲ್ಲಿ ನಾರಿಸ್ ತೊರೆಗೆ ಉದ್ದೇಶಪೂರ್ವಕವಾಗಿ ಆಮ್ಲ ಸುರಿದು ಪಿಎಚ್ ಮೌಲ್ಯವನ್ನು 4ರ ಆಸುಪಾಸಿಗೆ ಇಳಿಸಿದಾಗ, ಕೀಟಗಳು ಪ್ರವಾಹದೊಡನೆ ಕೊಚ್ಚಿಹೋಗುವುದು ಹೆಚ್ಚಿತು. ರೆಕ್ಕೆ ಪಡೆದು ಹೊರಬರುವವುಗಳ ಸಂಖ್ಯೆ ಇಳಿಯಿತು. ಇದು ಕೆಲವು ತಿಂಗಳುಗಳ ಪ್ರಯೋಗ. ದಶಕಗಳ ಕಥೆಗಾಗಿ ವೇಲ್ಸ್‌ಗೇ ಮರಳಬೇಕು.

ಮಧ್ಯ ವೇಲ್ಸ್‌ನ ಲಿನ್ ಬ್ರಿಯಾನ್ ಜಲಾಶಯದ ಸುತ್ತಲಿನ ತೊರೆಗಳ ಅಧ್ಯಯನ 1981ರಲ್ಲಿ ಆರಂಭವಾಯಿತು. ಕೋನಿಫರ್ ನೆಡುತೋಪುಗಳ ತೊರೆಗಳು ಹೆಚ್ಚು ಆಮ್ಲೀಯವಾಗಿದ್ದವು. ಆ ಮರಗಳ ಎಲೆಗಳು ಗಾಳಿಯ ಮಾಲಿನ್ಯವನ್ನು ಸೋಸಿ ಹಿಡಿಯುತ್ತವೆ. ಮೇಫ್ಲೈ ಮರಿಗಳನ್ನು ತಿಂದು ಬದುಕುವ ಡಿಪ್ಪರ್ ಹಕ್ಕಿಯೂ ಅಂತಹ ತೊರೆಗಳಲ್ಲಿ ವಿರಳವಾಯಿತು. 1987-88ರಲ್ಲಿ ಮೂರು ತೊರೆಗಳ ಜಲಾನಯನ ಪ್ರದೇಶಕ್ಕೆ ಸುಣ್ಣ ಹರಡಿದರು. ಪಿಎಚ್ ಏರಿತು. ಆದರೆ ಹಿಂತಿರುಗಿ ನೆಲೆನಿಂತ ಕೀಟ ಪ್ರಭೇದಗಳು ಕೆಲವೇ. ಭಾರೀ ಮಳೆಯ ದಿನಗಳಲ್ಲಿ ನೀರು ಮತ್ತೆ ಆಮ್ಲೀಯವಾಗುತ್ತಿದ್ದುದು ಇದಕ್ಕೆ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ವರ್ಷದ ಸರಾಸರಿಯನ್ನು ನೋಡಿ ತೃಪ್ತಿಪಡುವ ಆಡಳಿತಕ್ಕೆ ಈ ಅಂಶ ಕಾಣದೆ ಹೋಗುವುದು ಸಹಜ. ಕೀಟವಾದರೋ ಸರಾಸರಿಯಲ್ಲಿ ಬದುಕುವುದಿಲ್ಲ.

ಗಂಧಕದ ಹೊಗೆ ಇಳಿದ ಮೇಲೆ ಮತ್ತೊಂದು ತೊಡಕು ಗೋಚರಿಸಿತು. ಇದೇ ತೊರೆಗಳ 25 ವರ್ಷಗಳ ದಾಖಲೆಯನ್ನು ಪರಿಶೀಲಿಸಿದ ಇಸಬೆಲ್ ಡ್ಯೂರಾನ್ಸ್ ಮತ್ತು ಸ್ಟೀವ್ ಆರ್ಮೆರಾಡ್, ನೀರಿನ ಉಷ್ಣತೆ ಏರಿದಂತೆ ತಟಸ್ಥ ತೊರೆಗಳಲ್ಲಿ ವಸಂತಕಾಲದ ಜೀವಿಗಳ ಸಂಖ್ಯೆ ಕುಗ್ಗುತ್ತದೆಂದು 2007ರಲ್ಲಿ ತೋರಿಸಿದರು. ಆಮ್ಲೀಯ ತೊರೆಗಳಲ್ಲಿ ಈ ಪರಿಣಾಮ ಸ್ಪಷ್ಟವಾಗಿ ಕಾಣಲಿಲ್ಲ. ಹಳೆಯ ಆಮ್ಲದ ಗಾಯ ಅದನ್ನು ಮರೆಮಾಡಿತ್ತು.