ಅಂಚೆಪಟ್ಟಿಯ ತಂತ್ರಾಂಶದಲ್ಲಿ ಕನ್ನಡ ಪಾಠದ ಚರಿತ್ರೆ

ಹಸ್ತಪ್ರತಿಗಳ ಪಾಠಶೋಧನೆಗೆ ತೊಡಗುವವರು ಲಿಪಿಕಾರನ ಕೈವಾಡವೆಷ್ಟೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು ರೂಢಿ. ಈಚಿನ ದಶಕಗಳಲ್ಲಿ ವಿದ್ವಾಂಸರು ಪರಸ್ಪರ ಬರೆದುಕೊಂಡ ಎಷ್ಟೋ ಓಲೆಗಳು ಗಣಕದ ಅಂಚೆಪಟ್ಟಿಗಳನ್ನು ಹಾದು ಬಂದಿರುವುವು. ಒಂದು ವಿಳಾಸಕ್ಕೆ ಬಂದ ಪತ್ರವನ್ನು ಸದಸ್ಯರೆಲ್ಲರಿಗೂ ಹಂಚಿ, ಅದರ ಪ್ರತಿಯೊಂದನ್ನು ಭಂಡಾರದಲ್ಲಿಡುವ ಏರ್ಪಾಡಿಗೆ ಅಂಚೆಪಟ್ಟಿಯೆಂದು ಹೆಸರು. ಓಲೆಕಾರನೆಂದು ನಾವು ತಿಳಿದಿರುವ ಅದರ ತಂತ್ರಾಂಶವು ವಸ್ತುತಃ ಲಿಪಿಕಾರನ ಕೆಲಸವನ್ನೂ ಮಾಡುವುದು: ತಲೆಬರಹವನ್ನು ತಿದ್ದುವುದು, ಅಡಿಯಲ್ಲಿ ಸಾಲುಗಳನ್ನು ಸೇರಿಸುವುದು, ಅಕ್ಷರಗಳನ್ನು ತನಗೆ ತಿಳಿದ ಸಂಕೇತಕ್ಕೆ ಮಾರ್ಪಡಿಸುವುದು. ಈ ಹಸ್ತಕ್ಷೇಪದಿಂದ ಕನ್ನಡ ಪಾಠಕ್ಕೆ ಬಂದೊದಗಿದ ಅವಸ್ಥೆಯನ್ನು ಇಲ್ಲಿ ವಿಚಾರಿಸಲಾಗುವುದು.

ನಿದರ್ಶನದ ಸೌಕರ್ಯಕ್ಕಾಗಿ ಯಾದಗಿರಿ, ಶಹಾಪುರ, ಸುರಪುರ ಈ ಮೂರು ಊರುಗಳ ಅಧ್ಯಾಪಕರು ಒಂದು ಲಿನಕ್ಸ್ ಸರ್ವರಿನ ಮೇಲೆ ತಮ್ಮದೊಂದು ಅಂಚೆಪಟ್ಟಿಯನ್ನು ನಡೆಸುತ್ತಿರುವರೆಂದು ಭಾವಿಸೋಣ. ಚರ್ಚೆಗೆ ಅವರಲ್ಲಿ ವಿಷಯದ ಬಡತನವಿಲ್ಲ. ಜೇಡರ ದಾಸಿಮಯ್ಯನ ಮುದನೂರು ಸುರಪುರ ಸೀಮೆಯದು. ಕಲ್ಯಾಣದ ಚಾಲುಕ್ಯರ ಚರಿತ್ರೆಗೆ ಆಧಾರವಾದ ಏವೂರಿನ ಶಾಸನಗಳೂ ಅಲ್ಲಿಯವೇ. ಶಿರವಾಳದ ದೇಗುಲಗಳು ಶಹಾಪುರ ತಾಲ್ಲೂಕಿನವು. ಇಂಥವರ ಓಲೆಗಳಲ್ಲಿ ಒತ್ತಕ್ಷರಗಳಲ್ಲದೆ ಱ, ೞ ಗಳೂ ಬರುವುದು ಅನಿವಾರ್ಯ.

ವಿದ್ಯುದಂಚೆಯ ಮೂಲನಿಯಮಗಳು ೧೯೮೨ರಲ್ಲಿ ಗೊತ್ತಾದಾಗ ಇಂಗ್ಲಿಷಿಗೆ ಸಾಲುವ ೧೨೮ ಸಂಕೇತಗಳಿಗೆ ಮಾತ್ರ ಅವುಗಳಲ್ಲಿ ಎಡೆಯಿದ್ದಿತು. ೧೯೮೬ರಲ್ಲಿ ಎರಿಕ್ ಥಾಮಸ್ ಪ್ಯಾರಿಸಿನಲ್ಲಿ ರಚಿಸಿದ ಲಿಸ್ಟ್‌ಸರ್ವ್, ೧೯೯೨ರಲ್ಲಿ ಬ್ರೆಂಟ್ ಚಾಪ್‌ಮನ್ ರಚಿಸಿದ ಮೇಜರ್‌ಡೊಮೊ, ಇವೆರಡೂ ಈ ಕಟ್ಟಳೆಯೊಳಗೇ ಹುಟ್ಟಿದುವು. ಆಗ ಕನ್ನಡವನ್ನು ಅಂಚೆಯಲ್ಲಿ ಬರೆಯಬೇಕಾದವರು ಲ್ಯಾಟಿನ್ ಲಿಪಿಗೆ ಶರಣಾಗಬೇಕಾಯಿತು. ೧೯೯೧ರ ಯೂನಿಕೋಡು ಕನ್ನಡಕ್ಕೆ ೧೨೮ ಸ್ಥಾನಗಳನ್ನು ಮೀಸಲಿಟ್ಟಿತು. (ಅದರಲ್ಲಿ ೞ ಕಾರಕ್ಕೆ 'ಫ' ಎಂಬ ತಪ್ಪು ಹೆಸರು ಬಿದ್ದು, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಆ ಹೆಸರು ಇಂದಿಗೂ ಹಾಗೆಯೇ ಉಳಿದಿದೆ, ಸರಿಯಾದ ಹೆಸರನ್ನು ಪಕ್ಕದಲ್ಲಿ ಉಪನಾಮವಾಗಿ ಸೇರಿಸಿರುವರು.) ಅನ್ಯಲಿಪಿಗಳನ್ನು ಹಳೆಯ ೧೨೮ ಸಂಕೇತಗಳಲ್ಲಿ ಹೊದಿಸಿ ಕಳುಹಿಸುವ ಮೈಮ್ ಪದ್ಧತಿಯು ೧೯೯೨ರಲ್ಲಿ ತೋರಿತು, ತಲೆಬರಹಕ್ಕೆ ಅನ್ವಯಿಸುವ ಅದರ ನಿಯಮವು ೧೯೯೬ರಲ್ಲಿ ಈಗಿನ ರೂಪಕ್ಕೆ ಬಂದಿತು.

ತಲೆಬರಹದ ಈ ನಿಯಮವನ್ನು ತುಸು ವಿವರವಾಗಿ ನೋಡತಕ್ಕದ್ದು. ಯುಟಿಎಫ್-೮ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ೩ ಬೈಟುಗಳು ಬೇಕು. ವ್ಯಂಜನ, ಸ್ವರಚಿಹ್ನೆ, ವಿರಾಮಚಿಹ್ನೆ ಇವು ಒಂದೊಂದೂ ಬೇರೆ ಸಂಕೇತಗಳೆಂದು ಎಣಿಕೆ. ಹೊದಿಕೆಯಲ್ಲಿ ೩ ಬೈಟುಗಳು ೪ ಲ್ಯಾಟಿನ್ ಅಕ್ಷರಗಳಾಗುವುವು. ಒಂದು ತುಂಡು ೭೫ ಅಕ್ಷರಗಳನ್ನು ಮೀರಕೂಡದು. ಅದರಲ್ಲಿ ೧೨ ಹೊದಿಕೆಯ ಗುರುತುಗಳಿಗೇ ಸಲ್ಲುವುವು. ಉಳಿದ ೬೩ರಲ್ಲಿ ೪ರ ಲೆಕ್ಕಕ್ಕೆ ಹೊಂದುವುದು ೬೦, ಎಂದರೆ ೪೫ ಬೈಟು, ಎಂದರೆ ಕನ್ನಡದ ೧೫ ಸಂಕೇತ. 'ಮುದನೂರಿನ ದಾಸಿಮಯ್ಯ' ಎಂಬ ಸಣ್ಣ ತಲೆಬರಹದಲ್ಲಿ ೧೬ ಸಂಕೇತಗಳೂ ಒಂದು ತೆರಪೂ ಸೇರಿ ೪೯ ಬೈಟುಗಳಿವೆ. ಆದುದರಿಂದ ಅದು ಎರಡು ತುಂಡಾಗಲೇಬೇಕು. ಒಂದು ಸಂಕೇತದ ನಡುವೆ ಕತ್ತರಿಸಬಾರದೆಂದು ನಿಯಮವು ಸ್ಪಷ್ಟವಾಗಿ ಹೇಳಿದೆ. ಇದನ್ನು ಲಕ್ಷಿಸದೆ ೪೫ನೆಯ ಬೈಟಿಗೆ ಕತ್ತರಿ ಹಾಕಿದ ತಂತ್ರಾಂಶದಲ್ಲಿ ಪೆಟ್ಟು ಬೀಳುವುದು ಕೊನೆಯ ಒತ್ತಕ್ಷರದ ವಿರಾಮಚಿಹ್ನೆಯ ಒಳಗೇ. ಆಗ ದಾಸಿಮಯ್ಯನ 'ಯ್ಯ' ಒಡೆದು, ಎರಡು ಯಕಾರಗಳ ನಡುವೆ ಅರ್ಥವಿಲ್ಲದ ಗುರುತುಗಳು ಕಾಣಿಸುವುವು. ಇಂಥ ಒಡಕು ಸಂಕೇತವನ್ನು ಓದಲಾರದೆ ಸರ್ವರಿನ ತಂತ್ರಾಂಶವೇ ಮುಗ್ಗರಿಸುವುದೂ ಉಂಟು. ಮೇಲ್‌ಮ್ಯಾನಿನ ಎರಡನೆಯ ಆವೃತ್ತಿಯು ಅಂಥ ಓಲೆಯನ್ನು 'ಶಂಟ್' ಎಂಬ ಕೋಶಕ್ಕೆ ದೂಡಿ ಸುಮ್ಮನಾಗುವುದು. ಕಳುಹಿಸಿದ ಓಲೆಯು ಯಾರಿಗೂ ತಲುಪದಿದ್ದಾಗ ನಿರ್ವಾಹಕನು ಮೊದಲು ನೋಡತಕ್ಕದ್ದು ಆ ಕೋಶವನ್ನೂ 'ಎರರ್' ಎಂಬ ದಾಖಲೆಯನ್ನೂ.

ಪೈಥಾನ್ ಭಾಷೆಯಲ್ಲಿ ರಚಿತವಾದ ಮೇಲ್‌ಮ್ಯಾನಿನ ೨.೧ನೆಯ ಆವೃತ್ತಿಯು ೨೦೦೨ರ ಕೊನೆಗೆ ಬಂದಿತು. ಅದರಲ್ಲಿ ಪಟ್ಟಿಯ ಪ್ರತಿಯೊಂದು ಭಾಷೆಗೂ ಒಂದು ಲಿಪಿಸಂಕೇತವು ಗೊತ್ತಾಗಿದ್ದು, ಇಂಗ್ಲಿಷಿಗೆ ಹಳೆಯ ೧೨೮ರ ಗುಂಪೇ ನಿಯತವಾಗಿದ್ದಿತು. ಪಟ್ಟಿಯ ಭಾಷೆಯನ್ನು ಇಂಗ್ಲಿಷಿನಲ್ಲಿಯೇ ಬಿಟ್ಟ ಕಡೆಗಳಲ್ಲಿ, ಭಂಡಾರದ ಪುಟಗಳನ್ನೂ ಒಟ್ಟುಗೂಡಿಸಿದ ಸಂಚಿಕೆಗಳನ್ನೂ ಸಿದ್ಧಪಡಿಸುವಾಗ, ಆ ಗುಂಪಿಗೆ ಸೇರದ ಅಕ್ಷರಗಳೆಲ್ಲ ಪ್ರಶ್ನಾರ್ಥಕಚಿಹ್ನೆಗಳಾದುವು. ಪರಿಹಾರವು ಸರಳವಾದುದು: ಸ್ಥಾಪನೆಯ ಕಡತದಲ್ಲಿ ಇಂಗ್ಲಿಷಿನ ಸಂಕೇತವನ್ನು ಯುಟಿಎಫ್-೮ ಎಂದು ಬರೆದು, 'ಆರ್ಚ್' ಎಂಬ ಆಜ್ಞೆಯನ್ನು 'ವೈಪ್' ಎಂಬ ಸೂಚನೆಯೊಡನೆ ನಡೆಸಿದರೆ ಭಂಡಾರವು ಹೊಸದಾಗಿ ಕಟ್ಟಲ್ಪಡುವುದು. ಇದು ಸಾಧ್ಯವಾಗುವುದು ಬಂದ ಓಲೆಗಳ ಒಡಲು ಸಾಮಾನ್ಯವಾಗಿ 'ಎಂಬಾಕ್ಸ್' ಕಡತದಲ್ಲಿ ಬಂದಂತೆಯೇ ಉಳಿದಿರುವುದರಿಂದ. ಆ ಕಡತವೇ ಮೂಲಪ್ರತಿ. ನಾವು ಓದುವ ಪುಟಗಳು ಅದರ ಪ್ರತಿಗಳು. ಮೂಲವನ್ನು ಅಳಿಸಿ ಪುಟಗಳನ್ನು ಮಾತ್ರ ಉಳಿಸಿಕೊಂಡವರಿಗೆ ಆ ಪ್ರಶ್ನಾರ್ಥಕಗಳೇ ಗತಿ. ಹೊಸದಾಗಿ ಕಟ್ಟುವಾಗ ಓಲೆಗಳ ಕ್ರಮಸಂಖ್ಯೆಯು ಪಲ್ಲಟವಾಗಬಹುದಾದ್ದರಿಂದ, ಪ್ರಬಂಧಗಳಲ್ಲಿ ಹಿಂದೆ ಉಲ್ಲೇಖಿಸಿದ ವಿಳಾಸಗಳು ಬೇರೆ ಓಲೆಗಳತ್ತ ಬೆರಳು ತೋರಿಸುವ ಅಪಾಯವೊಂದಿದೆ. ಇದನ್ನು ನಮ್ಮವರು ಸಾಕಷ್ಟು ಗಮನಿಸಿದಂತೆ ಕಾಣದು.

ಕೆಟ್ಟ ಪಾಠವೆಲ್ಲ ಒಂದೇ ಬಗೆಯದೆಂದು ತಿಳಿಯಬಾರದು. ೞ ಇರಬೇಕಾದೆಡೆಯಲ್ಲಿ ಬರಿಯ ಚೌಕವು ಕಂಡರೆ ಪಾಠವು ಕ್ಷೇಮವಾಗಿದೆ, ಓದುವವನ ಗಣಕದಲ್ಲಿ ತಕ್ಕ ಅಚ್ಚಿಲ್ಲ. ತಲೆಯ ಮೇಲೆ ಓರೆಗೆರೆಯುಳ್ಳ ಲ್ಯಾಟಿನ್ 'ಎ' ಅಕ್ಷರವೂ, ಅದರ ಹಿಂದೆಯೇ ಸಣ್ಣದಾದ ೨ ಅಥವಾ ೩ರ ಅಂಕಿಯೂ ಸಾಲುಸಾಲಾಗಿ ಕಂಡರೆ, ಯುಟಿಎಫ್-೮ರ ಬೈಟುಗಳನ್ನು ಐರೋಪ್ಯ ಸಂಕೇತವೆಂದು ಓದಲಾಗಿದೆ. ಕನ್ನಡದ ಸ್ಥಾನಗಳಲ್ಲಿ ಮೊದಲರ್ಧವು ೨ರೊಡನೆಯೂ ಎರಡನೆಯರ್ಧವು ೩ರೊಡನೆಯೂ ತೋರುವುವು. ವ್ಯಂಜನಗಳಲ್ಲಿ ೨, ಉಕಾರದ ಚಿಹ್ನೆಯಲ್ಲಿಯೂ ವಿರಾಮಚಿಹ್ನೆಯಲ್ಲಿಯೂ ೩. ಈ ಪಾಠವನ್ನು ಬಹುಮಟ್ಟಿಗೆ ಹಿಂದಕ್ಕೆ ಪಡೆಯಬಹುದು. ಪ್ರಶ್ನಾರ್ಥಕಗಳಾದುದು ಮಾತ್ರ ಆ ಪ್ರತಿಯಲ್ಲಿ ನಷ್ಟವಾದಂತೆಯೇ.

೨೦೧೪ರ ಏಪ್ರಿಲಿನಲ್ಲಿ ಬೇರೊಂದು ಸಂಕಟವು ಬಂದಿತು. ಯಾಹೂ ಸಂಸ್ಥೆಯು ತನ್ನ ವಿಳಾಸದಿಂದ ಹೊರಟು ದೃಢೀಕರಣಕ್ಕೆ ನಿಲ್ಲದ ಓಲೆಗಳನ್ನು ತಿರಸ್ಕರಿಸಬೇಕೆಂದು ಸಾರಿತು. ಪಟ್ಟಿಯು ತಲೆಬರಹಕ್ಕೆ ತನ್ನ ಹೆಸರನ್ನೂ ಅಡಿಗೆ ತನ್ನ ಸಾಲುಗಳನ್ನೂ ಸೇರಿಸಿದೊಡನೆ ಓಲೆಯ ಮೂಲ ಮುದ್ರೆಯು ಮುರಿಯುವುದಷ್ಟೆ. ಪರಿಣಾಮವಾಗಿ, ಒಬ್ಬರು ಬರೆದ ಓಲೆಯು ಇನ್ನೊಬ್ಬರಿಂದ ಮರಳಿ, ಮರಳಿದ ಲೆಕ್ಕದ ಮೇಲೆ ನಿರಪರಾಧಿಗಳಾದ ಸದಸ್ಯರಿಗೆ ಹಂಚಿಕೆಯೇ ನಿಂತಿತು. ಅದೇ ವರ್ಷದ ೨.೧.೧೮ನೆಯ ಆವೃತ್ತಿಯಲ್ಲಿ, ಅಂಥ ಓಲೆಗಳಲ್ಲಿ ಬರೆದವರ ವಿಳಾಸದ ಸ್ಥಳದಲ್ಲಿ ಪಟ್ಟಿಯ ವಿಳಾಸವನ್ನಿಡುವ ಏರ್ಪಾಡು ದೊರೆಯಿತು. ಓಲೆಗಳು ತಲುಪಿದುವು; ಆದರೆ ಅಂಕಿತವು ಬದಲಾಯಿತು. 'ರಾಮನಾಥ' ಎಂಬ ಅಂಕಿತದಿಂದ ದಾಸಿಮಯ್ಯನ ವಚನಗಳನ್ನು ಗುರುತಿಸುವವರಿಗೆ ಇದರ ತೊಡಕನ್ನು ವಿವರಿಸಬೇಕಾಗಿಲ್ಲ.

ಮೇಲ್‌ಮ್ಯಾನ್ ೩ ಹೊರಬಂದುದು ೨೦೧೫ರಲ್ಲಿ. ಕನ್ನಡ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯು ತನ್ನ ಪಟ್ಟಿಗಳನ್ನು ೨೦೨೧ರಲ್ಲಿ ಅದಕ್ಕೆ ವರ್ಗಾಯಿಸಿತು. ಇದರಲ್ಲಿ ಪ್ರಶ್ನಾರ್ಥಕಗಳ ಕಾಟವು ತಗ್ಗಿದೆಯಾದರೂ, ಹುಡುಕುವಲ್ಲಿ ಹೊಸ ತೊಂದರೆಯುಂಟು. ಇದರ ಭಂಡಾರದೊಡನೆ ಬಳಸಲಾಗುವ ವೂಶ್ ಎಂಬ ಶೋಧಕವು ಪದಗಳನ್ನು ಪೈಥಾನಿನ ಸಾಮಾನ್ಯ ನಿಯಮದಂತೆ ಬಿಡಿಸುವುದು. ಆ ನಿಯಮವು ಕಾಗುಣಿತದ ಚಿಹ್ನೆಗಳನ್ನು ಅಕ್ಷರಗಳೆಂದು ಎಣಿಸದು. ಆದುದರಿಂದ 'ಸುರಪುರ' ಎಂಬುದು ಸ, ರಪ, ರ ಎಂದೂ, 'ಯಾದಗಿರಿ' ಎಂಬುದು ಯ, ದಗ, ರ ಎಂದೂ, 'ಶಹಾಪುರ' ಎಂಬುದು ಶಹ, ಪ, ರ ಎಂದೂ ಛಿದ್ರವಾಗುವುವು. ಕ್ಸಾಪಿಯನ್ ಎಂಬ ಇನ್ನೊಂದು ಶೋಧಕವು ಚಿಹ್ನೆಗಳನ್ನು ಪದದೊಳಗೇ ಸೇರಿಸಿಕೊಳ್ಳುವುದರಿಂದ, ಕನ್ನಡ ಪಟ್ಟಿಗೆ ಅದನ್ನೇ ನಿಯಮಿಸಿ, ಸೂಚಿಯನ್ನು ಮೊದಲಿಂದ ಕಟ್ಟಿಸುವುದು ಲೇಸು. ಇಷ್ಟಾದರೂ ಮೆಡೋಸ್ ಟೇಲರನ ಕಾಲದ ಇಂಗ್ಲಿಷ್ ಬರಹಗಳನ್ನನುಸರಿಸಿ 'ಶೋರಾಪುರ' ಎಂದು ಬರೆದವರ ಓಲೆಯು 'ಸುರಪುರ' ಎಂದು ಹುಡುಕಿದವರಿಗೆ ದೊರೆಯದು. ಅದಕ್ಕೆ ಪರ್ಯಾಯನಾಮಗಳ ಪಟ್ಟಿಯೊಂದನ್ನು ನಾವೇ ಬರೆದು ಕೊಡಬೇಕು.