ತೊಡೆಯ ಮೇಲಿನ ಗಿಟಾರ್: ಹವಾಯಿಯಿಂದ ಮಾರ್ಕೆಟ್ ಯಾರ್ಡ್‌ವರೆಗೆ

ಆಫೀಸ್ ಕೆಲಸದ ಮೇಲೆ ಅಮೆರಿಕದ ನ್ಯಾಶ್‌ವಿಲ್‌ಗೆ ಹೋಗಿದ್ದಾಗ ಒಂದು ಸಂಜೆ ಸಹೋದ್ಯೋಗಿಗಳು ಬ್ರಾಡ್‌ವೇ ಬೀದಿಯ ಬಾರ್ ಒಂದಕ್ಕೆ ಕರೆದರು. ಬಾರ್ ಎಂದಕೂಡಲೇ ಹಿಂಜರಿದೆ. ಕುಡಿಯಬೇಕಾಗಿಲ್ಲ, ಹಾಡು ಕೇಳಿದರೆ ಸಾಕು ಎಂದರು. ನಮ್ಮ ಹಾಲ್‌ನಷ್ಟೇ ಅಗಲದ ಜಾಗ. ಮೂಲೆಯಲ್ಲಿ ಐದು ಜನರ ವಾದ್ಯವೃಂದ, ಮುಂದೆ ಟಿಪ್ಸ್ ಹಾಕಲು ಒಂದು ಜಾಡಿ. ಕುಳಿತೇ ನುಡಿಸುತ್ತಿದ್ದವರೊಬ್ಬರ ಮುಂದೆ ಮೇಜಿನಂಥ ವಾದ್ಯ. ಎಡಗೈಯಲ್ಲಿ ಉಕ್ಕಿನ ತುಂಡು, ಬಲಗೈ ಬೆರಳುಗಳಿಗೆ ನಖಿ. ತಂತಿಯ ಮೇಲೆ ಆ ಉಕ್ಕು ಜಾರಿದಾಗ ಬಂದ ದನಿ ಮನುಷ್ಯರು ಬಿಕ್ಕಿದ ಹಾಗಿತ್ತು. ಎರಡು ನಿಮಿಷದ ವಿಡಿಯೋ ಮಾಡಿಕೊಂಡೆ.

ಪುಣೆಗೆ ಬಂದ ಮೇಲೆ ಮಾರ್ಕೆಟ್ ಯಾರ್ಡ್‌ನ ನಮ್ಮ ಮನೆಯಲ್ಲಿ ಅದನ್ನು ಅತ್ತೆಗೆ ತೋರಿಸಿದೆ. ಅವರು ಸೊಪ್ಪು ಸೋಸುತ್ತಿದ್ದವರು ಕೈ ನಿಲ್ಲಿಸಿ, "ಇದನ್ನ ನಾ ಬಾರಿಸ್ತಿದ್ನೆವಾ. ಹವಾಯಿ ಗಿಟಾರ್ ಅಂತಿದ್ವಿ" ಅಂದರು. ಮದುವೆಯಾಗಿ ಒಂಬತ್ತು ವರ್ಷ, ಈ ಮಾತು ನನಗೆ ಗೊತ್ತೇ ಇರಲಿಲ್ಲ. ನ್ಯಾಶ್‌ವಿಲ್‌ನ ಬಾರಿಗೂ ಹುಬ್ಬಳ್ಳಿಯ ಹುಡುಗಿಗೂ ಒಂದೇ ವಾದ್ಯ ತಲುಪಿದ್ದು ಹೇಗೆ ಎಂದು ಹುಡುಕುತ್ತ ಹೋದಾಗ ಸಿಕ್ಕ ಕಥೆ ಇದು.

ಹವಾಯಿ ದ್ವೀಪಗಳಿಗೆ ಗಿಟಾರ್ ತಂದವರು 1830ರ ದಶಕದಲ್ಲಿ ದನ ಕಾಯಲು ಬಂದ ಮೆಕ್ಸಿಕೋದವರು. ಅಲ್ಲಿನ ಜನ ಅದರ ತಂತಿಗಳನ್ನು ತಮ್ಮ ಹಾಡಿಗೆ ಒಪ್ಪುವಂತೆ ಬೇರೆ ಶ್ರುತಿಗೆ ಇಳಿಸಿಕೊಂಡರು. 1889ರ ಸುಮಾರಿಗೆ ಓವಾಹು ದ್ವೀಪದ ಜೋಸೆಫ್ ಕೆಕುಕು ಎಂಬ ಶಾಲಾ ಹುಡುಗ ಬೆರಳಿನಿಂದ ಒತ್ತುವ ಬದಲು ಲೋಹದ ತುಂಡನ್ನು ತಂತಿಯ ಮೇಲೆ ಜಾರಿಸುವುದನ್ನು ರೂಢಿಸಿಕೊಂಡ. ರೈಲುಹಳಿಯ ಬಳಿ ಸಿಕ್ಕ ಬೋಲ್ಟ್‌ನಿಂದ ಇದು ಶುರುವಾಯಿತು ಎಂಬ ಕಥೆಯಿದೆ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸುವುದು, ತಂತಿಗಳು ಫ್ರೆಟ್‌ಗೆ ತಾಗದಂತೆ ಎತ್ತರಿಸುವುದು, ಉಕ್ಕಿನ ತುಂಡಿನಿಂದ ಸ್ವರ ಹಿಡಿಯುವುದು: ಸ್ಟೀಲ್ ಗಿಟಾರ್ ಎಂದರೆ ಇಷ್ಟೇ. ಹೆಸರಿನ ಸ್ಟೀಲ್ ಆ ತುಂಡಿನದು.

ಅದೇ ಕಾಲದಲ್ಲಿ ಹವಾಯಿ ತನ್ನ ರಾಜ್ಯವನ್ನೇ ಕಳೆದುಕೊಂಡಿತು. ರಾಣಿ ಲಿಲಿಯುಓಕಲಾನಿಯನ್ನು 1893ರಲ್ಲಿ ಪದಚ್ಯುತಗೊಳಿಸಿದರು, 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು. ಈ ರಾಣಿ ಸ್ವತಃ ಗೀತರಚನೆಗಾರ್ತಿ, 'ಅಲೋಹಾ ಓಎ' ಹಾಡು ಅವರದೇ. ರಾಜ್ಯ ಹೋದರೂ ಸಂಗೀತ ಹೊರಗೆ ಹೊರಟಿತು. 1915ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಮಹಾ ಪ್ರದರ್ಶನದಲ್ಲಿ ಹವಾಯಿ ಕಲಾವಿದರನ್ನು ಕೇಳಿದ ಅಮೆರಿಕ ಹುಚ್ಚೆದ್ದು ಅವರ ರೆಕಾರ್ಡ್‌ಗಳನ್ನು ಕೊಂಡಿತು.

ಮುಂದೆ ಈ ವಾದ್ಯ ಬಾರ್‌ಗೆ ಬಂದದ್ದಕ್ಕೆ ಕಾರಣ ಗದ್ದಲ. 1933ರಲ್ಲಿ ಅಮೆರಿಕದ ಪಾನನಿಷೇಧ ರದ್ದಾದ ಮೇಲೆ ಟೆಕ್ಸಾಸ್, ಒಕ್ಲಹೋಮದ ಕಡೆ ತೈಲಬಾವಿ ಕೂಲಿಗಳು, ಲಾರಿ ಚಾಲಕರು ಸಂಜೆ ಸೇರುವ ಅಗ್ಗದ ಬಾರ್‌ಗಳು ಹೆಚ್ಚಿದವು. ಅವೇ ಹಾಂಕಿ-ಟಾಂಕ್‌ಗಳು. ಕುಣಿತ, ಕೂಗಾಟದ ನಡುವೆ ಮರದ ಗಿಟಾರ್ ಕೇಳಿಸದು. ರಿಕನ್‌ಬ್ಯಾಕರ್ ಕಂಪನಿ 1932ರಲ್ಲಿ ಮಾರಾಟಕ್ಕಿಟ್ಟ ಎಲೆಕ್ಟ್ರಿಕ್ ಗಿಟಾರ್ ಹವಾಯಿ ಮಾದರಿಯದೇ. ನೋಡಲು ಬಾಣಲೆಯಂತಿದ್ದ ಕಾರಣ ಅದಕ್ಕೆ 'ಫ್ರೈಯಿಂಗ್ ಪ್ಯಾನ್' ಎಂದೇ ಹೆಸರಾಯಿತು! 1935ರಲ್ಲಿ ಬಾಬ್ ಡನ್ ಎಲೆಕ್ಟ್ರಿಕ್ ಸ್ಟೀಲ್ ಗಿಟಾರನ್ನು ರೆಕಾರ್ಡ್‌ನಲ್ಲಿ ನುಡಿಸಿದರು. ಹ್ಯಾಂಕ್ ವಿಲಿಯಮ್ಸ್ ಹಾಡುಗಳ ಹಿಂದಿನ ಅಳುವ ದನಿ ಡಾನ್ ಹೆಲ್ಮ್ಸ್ ಅವರದು. 1954ರಲ್ಲಿ ಜನಪ್ರಿಯವಾದ 'ಸ್ಲೋಲಿ' ಹಾಡಿನಲ್ಲಿ ಬಡ್ ಐಸಾಕ್ಸ್, ಸ್ವರ ಹೊರಡುತ್ತಿರುವಾಗಲೇ ಕಾಲಿನ ಪೆಡಲ್ ಒತ್ತಿ ತಂತಿಯ ಬಿಗಿ ಬದಲಿಸಿದರು. ನಾನು ನ್ಯಾಶ್‌ವಿಲ್‌ನಲ್ಲಿ ಕಂಡದ್ದು ಈ ಪೆಡಲ್ ಸ್ಟೀಲನ್ನೇ.

ಬಾರ್‌ಗೆ ಹೋಗುವ ಹೆಣ್ಣಿನ ಬಗ್ಗೆ ಅಲ್ಲಿಯೂ ಮಾತು ಕಡಿಮೆಯಿರಲಿಲ್ಲ. ಹ್ಯಾಂಕ್ ಥಾಂಪ್ಸನ್ 1952ರ ಒಂದು ಹಾಡಿನಲ್ಲಿ ಅಂಥವಳನ್ನು ದೂರಿದಾಗ, ಮೂರು ಮಕ್ಕಳ ತಾಯಿ ಕಿಟ್ಟಿ ವೆಲ್ಸ್ ಅದೇ ವರ್ಷ ಉತ್ತರದ ಹಾಡು ಹಾಡಿದರು. ಹೆಣ್ಣು ದಾರಿ ತಪ್ಪಿದರೆ ಅದರಲ್ಲಿ ಗಂಡಿನ ಪಾಲೂ ಇದೆ ಎನ್ನುವುದು ಅದರ ಸಾರ. ಎನ್‌ಬಿಸಿ ರೇಡಿಯೋ ಅದನ್ನು ನಿಷೇಧಿಸಿತು. ಆದರೂ ಅದು ಬಿಲ್‌ಬೋರ್ಡ್‌ನ ಕಂಟ್ರಿ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಒಬ್ಬಳೇ ಹಾಡಿದ ಮಹಿಳೆಗೆ ಆ ಸ್ಥಾನ ಸಿಕ್ಕಿದ್ದು ಅದೇ ಮೊದಲು. ನ್ಯಾಶ್‌ವಿಲ್‌ನ ಹೆಸರಾಂತ 'ಟೂಟ್ಸೀಸ್ ಆರ್ಕಿಡ್ ಲೌಂಜ್' ಅನ್ನು 1960ರಿಂದ ನಡೆಸಿದವರೂ ಒಬ್ಬ ಹೆಣ್ಣುಮಗಳೇ, ಟೂಟ್ಸಿ ಬೆಸ್. ಕೈಯಲ್ಲಿ ಕಾಸಿಲ್ಲದ ಹಾಡುಗಾರರಿಗೆ ಉದ್ರಿ ಕೊಟ್ಟು, ಸಾಲದ ಚೀಟಿಗಳನ್ನು ಸಿಗಾರ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ.

ನಮಗೆ ಇದು ಹೊಸದಲ್ಲ. ನಮ್ಮ ಪುಣೆಯ ಆರ್ಯಭೂಷಣ ತಮಾಷಾ ಥಿಯೇಟರ್‌ನ ಲಾವಣಿ ಕಲಾವಿದೆಯರನ್ನು ಊರು ಸಿಳ್ಳೆ ಹೊಡೆದು ಮೆಚ್ಚಿತು, ಮನೆಗೆ ಮಾತ್ರ ಕರೆಯಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದ ಗಂಗೂಬಾಯಿ ಹಾನಗಲ್ ಅವರೂ, ಹಾಡುವ ಮನೆತನದವಳು ಎಂಬ ಚುಚ್ಚುಮಾತು ಕೇಳಿಯೇ ಬೆಳೆದವರು.

ಇನ್ನು ಈ ವಾದ್ಯ ಭಾರತಕ್ಕೆ ಬಂದ ಬಗೆ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಹವಾಯಿ ತಂಡಗಳು ಹಡಗಿನಲ್ಲಿ ಪೂರ್ವದೇಶಗಳನ್ನು ಸುತ್ತುತ್ತಿದ್ದವು. ಟಾವ್ ಮೋ ಮತ್ತು ಅವರ ಹೆಂಡತಿ, ಗಾಯಕಿ ರೋಸ್, 1940ರ ದಶಕದಲ್ಲಿ ಕಲ್ಕತ್ತೆಯಲ್ಲೇ ನೆಲೆಸಿ ಹೋಟೆಲುಗಳಲ್ಲಿ ನುಡಿಸಿದರು, ಹಾಡಿದರು. ಅಲ್ಲಿ ಗಾರ್ನಿ ನಿಸ್ ಅವರ 'ಅಲೋಹಾ ಬಾಯ್ಸ್' ತಂಡವೂ ಇತ್ತು. ಹೋಟೆಲಿನಿಂದ ವಾದ್ಯ ಮನೆಗಳಿಗೆ ಇಳಿಯಿತು. ಬಂಗಾಳದ ಮಧ್ಯಮವರ್ಗದ ಹೆಣ್ಣುಮಕ್ಕಳು ಹಾರ್ಮೋನಿಯಂನಂತೆ ಇದನ್ನೂ ಕಲಿತರು. ವ್ಯಾನ್ ಶಿಪ್ಲಿ, ಸುನೀಲ್ ಗಂಗೂಲಿ ಇದರಲ್ಲಿ ನುಡಿಸಿದ ಚಿತ್ರಗೀತೆಗಳ ರೆಕಾರ್ಡ್‌ಗಳು ದೇಶವೆಲ್ಲ ಕೇಳಿಸಿದವು.

ನಮ್ಮ ಕಿವಿಗೆ ಇದು ಬೇಗ ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ. ಹಾರ್ಮೋನಿಯಂನಲ್ಲಿ ಮೀಂಡ್ ಬಾರದು. ಇಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದೇ ಕ್ರಮ. ತಂತಿಯ ಮೇಲೆ ಜಾರಿಸಿ ನುಡಿಸುವ ಗೋಟುವಾದ್ಯ, ವಿಚಿತ್ರವೀಣೆ ನಮ್ಮಲ್ಲಿ ಮೊದಲೇ ಇದ್ದವು. ಬ್ರಿಜ್‌ಭೂಷಣ್ ಕಾಬ್ರಾ ಇದರಲ್ಲಿ ರಾಗ ನುಡಿಸಿ, 1967ರ 'ಕಾಲ್ ಆಫ್ ದಿ ವ್ಯಾಲಿ'ಯಲ್ಲಿ ಶಿವಕುಮಾರ್ ಶರ್ಮಾ, ಹರಿಪ್ರಸಾದ್ ಚೌರಾಸಿಯಾ ಅವರ ಜೊತೆಗೂಡಿದರು. ಇದೇ ಗಿಟಾರನ್ನು ಮೋಹನವೀಣೆಯಾಗಿಸಿದ ವಿಶ್ವಮೋಹನ ಭಟ್ಟರು 1994ರಲ್ಲಿ ರೈ ಕೂಡರ್ ಜೊತೆ ಗ್ರ್ಯಾಮಿ ಪಡೆದರು. ವಾರಾಣಸಿಯ ಕಮಲಾ ಶಂಕರ್ ಇದರಲ್ಲೇ ಹಿಂದೂಸ್ತಾನಿ ಕಛೇರಿ ನೀಡುತ್ತಾರೆ.

ಅತ್ತೆಯವರು ಹುಬ್ಬಳ್ಳಿಯಲ್ಲಿ ಕಾಲೇಜಿಗೆ ಹೋಗುವಾಗ ಮೂರು ವರ್ಷ ಕಲಿತಿದ್ದರಂತೆ. ರೇಡಿಯೋದಲ್ಲಿ ಬಂದ ಹಾಡನ್ನು ಸಂಜೆ ಗಿಟಾರ್‌ನಲ್ಲಿ ಹುಡುಕುವುದು ಅವರ ಆಟ. ಮದುವೆಯಾಗಿ ಎರಡು ಕೋಣೆಯ ತುಂಬಿದ ಮನೆಗೆ ಬಂದಾಗ ಗಿಟಾರ್ ಅಟ್ಟಕ್ಕೆ ಹೋಯಿತು. ಒಂದು ತಂತಿ ಹರಿಯಿತು, ಮತ್ತೆ ಹಾಕಿಸಲಿಲ್ಲ. ಆಮೇಲೆ ಯಾರಿಗೋ ಕೊಟ್ಟುಬಿಟ್ಟರು. ಯಾರಾದರೂ ಬೇಡ ಅಂದರಾ ಅಂತ ಕೇಳಿದೆ. "ಬ್ಯಾಡ ಅಂತ ಯಾರೂ ಅನಲಿಲ್ಲವಾ. ಬಾರಿಸು ಅಂತನೂ ಯಾರೂ ಅನಲಿಲ್ಲ" ಅಂದರು. ಆ ಒಂಬತ್ತು ವರ್ಷ ನಾನೂ ಅನ್ನಲಿಲ್ಲ ಎನ್ನುವುದು ಆಗ ಹೊಳೆಯಿತು. ಅವರ ಬಗ್ಗೆ ನಾನು ಕೇಳಿದ್ದೆಲ್ಲ ಹುಳಿಪುಡಿಯ ಅಳತೆ, ಮೊಮ್ಮಗನ ಜ್ವರ, ಇಷ್ಟೇ.

ಮಗನ ಸಾದಾ ಗಿಟಾರ್ ಮೂಲೆಯಲ್ಲಿ ಧೂಳು ಹಿಡಿದಿತ್ತು. ತಂತಿ ಎತ್ತರಿಸುವ ಸಣ್ಣ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ತರಿಸಿ ಕೂರಿಸಿದೆವು. ಉಕ್ಕಿನ ತುಂಡು ಬರುವುದು ತಡವಾಯಿತು. ಅತ್ತೆ ಕಾಯಲಿಲ್ಲ. ಏಲಕ್ಕಿ ಕುಟ್ಟುವ ಹಿತ್ತಾಳೆಯ ಕುಟ್ಟಾಣಿಯನ್ನೇ ತೊಳೆದು ಒರೆಸಿ ತಂದರು. ಮೊದಲ ದಿನ ಕರಕರ ಸದ್ದೇ ಹೆಚ್ಚು. ಮೊಣಕೈ ನೋವು, ಬೆರಳು ಕೇಳುತ್ತಿರಲಿಲ್ಲ. ನಾಲ್ಕನೇ ದಿನ ಒಂದು ಹಳೆಯ ಹಾಡಿನ ಪಲ್ಲವಿ ಸಿಕ್ಕಿತು. ಅರ್ಧದಲ್ಲಿ ಒಂದು ಸ್ವರ ಜಾರಿ ತಪ್ಪಿತು, ಅವರೇ ನಕ್ಕು ಮತ್ತೆ ಹಿಡಿದರು. ಪಕ್ಕದ ಮನೆಯ ಕಾಕು ಬಾಗಿಲಲ್ಲಿ ನಿಂತು ಕೇಳುತ್ತಿದ್ದವರು ಒಳಗೆ ಬಂದು ಕೂತರು. ಈಗ ಭಾನುವಾರ ಸಂಜೆ ನಮ್ಮ ಹಾಲ್‌ನಲ್ಲಿ ಐದಾರು ಜನ ಸೇರುತ್ತಾರೆ. ಟಿಪ್ಸ್ ಜಾಡಿಯಿಲ್ಲ, ಚಹಾ ಮತ್ತು ಚುರುಮುರಿ ಇದೆ.

ನ್ಯಾಶ್‌ವಿಲ್‌ನ ಆ ಬಾರ್‌ನಲ್ಲಿ ನನಗೆ ಹಿಡಿಸಿದ್ದು ಇದೇ. ನುಡಿಸುವವರ ಕೈ ನಮಗೆ ಕಾಣುವಷ್ಟು ಹತ್ತಿರ, ತಪ್ಪಿದರೂ ಎದ್ದು ಹೋಗದ ಕೇಳುಗರು. ಅದಕ್ಕೆ ದೊಡ್ಡ ಸಭಾಂಗಣ ಬೇಕಿಲ್ಲ.

ವೇದಿಕೆಯ ಸೋದರಿಯರಲ್ಲಿ ಒಂದು ವಿನಂತಿ. ನಿಮ್ಮ ಅಮ್ಮ, ಅತ್ತೆ, ದೊಡ್ಡಮ್ಮ ಮದುವೆಗೆ ಮುಂಚೆ ಏನು ನುಡಿಸುತ್ತಿದ್ದರು ಎಂದು ಒಮ್ಮೆ ಕೇಳಿ. ಕೇಳಿ ಸುಮ್ಮನಾಗಬೇಡಿ, ನುಡಿಸಿ ಅನ್ನಿ.