ಪಿಟೀಲು, ಪ್ಲೇಟು ಮತ್ತು ನಮ್ಮ ಅಜ್ಜಿಯ ಕಿವಿ

ಪುಣೆಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆ. ಅದರಲ್ಲಿ ಹಳೆಯ ಸೀರೆ ತುಂಡುಗಳ ಮಧ್ಯೆ ಮಲಗಿಸಿಟ್ಟ ಗ್ರಾಮಫೋನ್ ಪ್ಲೇಟುಗಳಿವೆ. ಒಟ್ಟು 42. ಈಗ ಸರಿಯಾಗಿ ಹೇಳಬೇಕೆಂದರೆ ನಲವತ್ತೊಂದೂವರೆ. ಆ ಅರ್ಧ ಹೋದದ್ದು ನನ್ನ ಕೈಯಿಂದ. ಆ ಕಥೆಗೆ ಆಮೇಲೆ ಬರುತ್ತೇನೆ.

ನಮ್ಮ ಮನೆಯಲ್ಲಿ ಪಿಟೀಲು ನುಡಿಸಬಲ್ಲವರು ಒಬ್ಬರೂ ಇಲ್ಲ. ಅಜ್ಜಿಯ ಅಣ್ಣ ಆರು ತಿಂಗಳು ಕಲಿತು ಬಿಟ್ಟರಂತೆ. ಕಲಿಯಬೇಕೆಂದು ಆಸೆಯಿದ್ದದ್ದು ಅಜ್ಜಿಗೆ. ಆದರೆ ಕಾಲು ಚಾಚಿ ಕೂತು ನುಡಿಸುವ ವಾದ್ಯ ಹೆಣ್ಣುಮಗುವಿಗೆ ಚೆನ್ನಾಗಿ ಕಾಣದು, ಬೇಕಾದರೆ ವೀಣೆ ಕಲಿಯಲಿ ಎಂದು ಮನೆಯಲ್ಲಿ ತೀರ್ಮಾನವಾಯಿತು. ಅಜ್ಜಿ ವೀಣೆಯನ್ನೂ ಕಲಿಯಲಿಲ್ಲ. ಕೇಳುವುದನ್ನು ಮಾತ್ರ ಕಲಿತರು. ಅದನ್ನೇ ಅಮ್ಮನಿಗೆ ಕೊಟ್ಟರು, ಅಮ್ಮ ನನಗೆ ಕೊಟ್ಟಳು.

ವೀಣೆ ನಮ್ಮದು, ಪಿಟೀಲು ಹೊರಗಿನದು ಎಂಬ ಮಾತಿಗೆ ಒಂದು ಇತಿಹಾಸವಿದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಮದ್ರಾಸಿನ ಸೇಂಟ್ ಜಾರ್ಜ್ ಕೋಟೆಯ ಇಂಗ್ಲಿಷರ ಜೊತೆ ಬಂದ ವಾದ್ಯ ಇದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಮದ್ರಾಸಿನ ಹತ್ತಿರದ ಮಣಲಿಯಲ್ಲಿದ್ದಾಗ, ಅಲ್ಲಿನ ಮೊದಲಿಯಾರರ ಆಶ್ರಯದಲ್ಲಿ, ಯುರೋಪಿನ ಶಿಕ್ಷಕರಿಂದ ಇದನ್ನು ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿದರು. ತಂಜಾವೂರಿನ ನಾಲ್ವರು ಸಹೋದರರಲ್ಲಿ ಒಬ್ಬರಾದ ವಡಿವೇಲು ಅವರ ವಾದನಕ್ಕೆ ಮೆಚ್ಚಿ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು 1834ರಲ್ಲಿ ದಂತದ ಪಿಟೀಲನ್ನು ಉಡುಗೊರೆಯಾಗಿ ಕೊಟ್ಟರು. ವಾದ್ಯ ಬಂದದ್ದು ಹೊರಗಿನಿಂದಲೇ, ಆದರೆ ಅದರಲ್ಲಿ ಮೆಟ್ಟಿಲುಗಳಿಲ್ಲ. ಬೆರಳು ಎಲ್ಲಿ ಬೇಕಾದರೂ ಜಾರಬಹುದು. ನಮ್ಮ ಗಮಕಕ್ಕೆ ಬೇಕಾಗಿದ್ದದ್ದೂ ಅದೇ. ನಿಂತು ಗಲ್ಲದ ಕೆಳಗೆ ಒತ್ತಿ ಹಿಡಿಯುತ್ತಿದ್ದ ವಾದ್ಯವನ್ನು ನಮ್ಮವರು ನೆಲದ ಮೇಲೆ ಕೂರಿಸಿದರು. ಅದರ ತುದಿ ಪಾದದ ಮೇಲೆ ಊರಿತು, ಎಡಗೈ ಆರಾಮಾಗಿ ಓಡಾಡತೊಡಗಿತು. ಅಜ್ಜಿಗೆ ಅಡ್ಡ ಬಂದದ್ದು ಕೂಡ ಈ ಕಾಲು ಚಾಚುವ ಸುಧಾರಣೆಯೇ, ನೋಡಿ!

ಅಜ್ಜಿ ಹುಟ್ಟಿದ್ದು ಮೈಸೂರಿನಲ್ಲಿ. ಆ ಊರಿನಲ್ಲಿ ಪಿಟೀಲು ಎಂದರೆ ಚೌಡಯ್ಯನವರು. ತಿರುಮಕೂಡಲಿನ ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಗುರುಗಳು ಕಟ್ಟಿಸಿದ ರಾಮಮಂದಿರದ ಕಛೇರಿಗಳಿಗೆ ಅಜ್ಜಿ ಹುಡುಗಿಯಾಗಿದ್ದಾಗ ತಾಯಿಯ ಜೊತೆ ಹೋಗಿ, ಹೆಂಗಸರ ಕಡೆ ಕಂಬಕ್ಕೆ ಒರಗಿ ಕೂತು ಕೇಳುತ್ತಿದ್ದರಂತೆ. "ಅಷ್ಟು ದೂರಕ್ಕೂ ಕೇಳ್ತಿತ್ತು ಕಣೇ" ಎಂಬ ಮಾತನ್ನು ನಾನು ನೂರು ಸಲ ಕೇಳಿರಬಹುದು. ಅದು ಅಜ್ಜಿಯ ಅಭಿಮಾನದ ಮಾತು ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ಅದು ಶಬ್ದವಿಜ್ಞಾನದ ಮಾತು ಎಂದು ತಿಳಿಯಿತು.

ಮೈಕು ಎಲ್ಲ ಕಡೆಗೂ ಬರುವ ಮೊದಲು ಪಕ್ಕವಾದ್ಯದ ಪಿಟೀಲಿನ ಕಷ್ಟ ಅದೇ: ದನಿ ಸಾಲದು. ಚೆಂಬೈ ವೈದ್ಯನಾಥ ಭಾಗವತರಂಥ ದೊಡ್ಡ ಕಂಠದವರ ಪಕ್ಕದಲ್ಲಿ ಕೂತು, ತುಂಬಿದ ಸಭೆಯ ಕೊನೆಯ ಸಾಲಿನವರೆಗೆ ನಾಲ್ಕು ತಂತಿಯ ನಾದವನ್ನು ಮುಟ್ಟಿಸುವುದು ಹೇಗೆ? ಚೌಡಯ್ಯನವರು ನಾಲ್ಕಕ್ಕೆ ಇನ್ನೂ ಮೂರು ತಂತಿ ಸೇರಿಸಿ ಏಳು ಮಾಡಿದರು. ಕಮಾನು ಎಳೆದಾಗ ಜೊತೆ ತಂತಿಗಳೂ ಕೂಡಿ ನುಡಿದು ನಾದ ದಪ್ಪವಾಗುತ್ತಿತ್ತು. ಅದನ್ನು ಶ್ರುತಿ ಮಾಡುವುದೇ ಒಂದು ಸಾಹಸ. ಒಂದು ಬಿರಡೆ ಸಡಿಲವಾದರೂ ಜೋಡಿ ತಂತಿಗಳು ಒಂದರೊಡನೊಂದು ಜಗಳವಾಡುತ್ತವೆ. ಮದ್ರಾಸಿನ ಸಂಗೀತ ಅಕಾಡೆಮಿ 1957ರಲ್ಲಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1967ರ ಜನವರಿಯಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲಿಯೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ.

ಇದೇ ದನಿಯ ಕಷ್ಟ ಪ್ಲೇಟುಗಳ ಲೋಕದಲ್ಲೂ ಇತ್ತು. ಭಾರತದಲ್ಲಿ ಧ್ವನಿಮುದ್ರಣದ ಮೊದಲ ದೊಡ್ಡ ಹೆಸರು ಗೌಹರ್ ಜಾನ್. ಕಲ್ಕತ್ತದಲ್ಲಿ 1902ರ ನವೆಂಬರಿನಲ್ಲಿ ಅವರು ದೊಡ್ಡದೊಂದು ಕಹಳೆಯ ಬಾಯಿಗೆ ಮುಖವಿಟ್ಟು ಹಾಡಿದರು. ಕೊನೆಯಲ್ಲಿ ತಮ್ಮ ಹೆಸರನ್ನೂ ಹೇಳಿದರು, ಯಾಕೆಂದರೆ ಪ್ಲೇಟು ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನವರಿಗೆ ಹಾಡಿದವರು ಯಾರೆಂದು ಗೊತ್ತಾಗಬೇಕಲ್ಲ! ದೇಶವನ್ನೇ ಮರುಳು ಮಾಡಿದ ಆ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಗೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕೊನೆಯುಸಿರೆಳೆದರು. ಅಜ್ಜಿಗೆ ಇದನ್ನು ಹೇಳಿದಾಗ ಅವರಿಗೂ ಗೊತ್ತಿರಲಿಲ್ಲ.

ಕಹಳೆಯಲ್ಲಿ ಕಂಠ ಸಿಕ್ಕಂತೆ ಪಿಟೀಲು ಸಿಗುತ್ತಿರಲಿಲ್ಲ. ಯುರೋಪಿನಲ್ಲಿ ಪಿಟೀಲಿಗೇ ತಗಡಿನ ಕಹಳೆ ಜೋಡಿಸಿದ ಸ್ಟ್ರೋ ಎಂಬ ವಾದ್ಯವನ್ನು ಮಾಡಿ ಅದನ್ನು ಧ್ವನಿಮುದ್ರಣಕ್ಕೆ ಬಳಸಿದರು. 1925ರಲ್ಲಿ ಮೈಕಿನ ಮೂಲಕ ವಿದ್ಯುತ್ ಮುದ್ರಣ ಬಂದ ಮೇಲೆಯೇ ಪಿಟೀಲಿನ ನಿಜವಾದ ಮೈಬಣ್ಣ ಪ್ಲೇಟಿನ ಮೇಲೆ ಬಂದದ್ದು. ಬೆಂಗಳೂರಿನಲ್ಲಿ ಹುಟ್ಟಿ ಆಂಧ್ರದಲ್ಲಿ ಬೆಳಗಿದ ದ್ವಾರಂ ವೆಂಕಟಸ್ವಾಮಿ ನಾಯ್ಡು ಅವರ ಪ್ಲೇಟುಗಳನ್ನು ಕೇಳಿದರೆ ಇದು ತಿಳಿಯುತ್ತದೆ. ಕಮಾನಿನ ತೂಕ ಎಲ್ಲಿ ಹಗುರಾಯಿತು, ಎಲ್ಲಿ ಒತ್ತಿತು ಎಂಬುದು ಕೂಡ ಕಿವಿಗೆ ಸಿಗುತ್ತದೆ. ಆದರೂ ಹತ್ತು ಅಂಗುಲದ ಪ್ಲೇಟಿನ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ, ಹೆಚ್ಚೆಂದರೆ ಮೂರೂವರೆ. ಮುಕ್ಕಾಲು ಗಂಟೆ ಹರಡಬೇಕಾದ ರಾಗವನ್ನು ಅಷ್ಟರಲ್ಲಿ ಹೇಳಿ ಮುಗಿಸಬೇಕಿತ್ತು. ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ಮಾಹಿತಿ ಕಳೆದುಕೊಳ್ಳದೆ ಕುಗ್ಗಿಸುವ ವಿದ್ಯೆಯನ್ನು ಅವರು ನಮಗಿಂತ ಎಷ್ಟೋ ಮೊದಲೇ ಕಲಿತಿದ್ದರು.

ಮದುವೆಯಾಗಿ ಅಜ್ಜಿ ಮುಂಬೈಯ ಮಾಟುಂಗಾಕ್ಕೆ ಬಂದರು. ಎರಡು ಕೋಣೆ, ಏಳು ಜನ. ಮೈಸೂರು ಬಿಟ್ಟು ಬಂದ ಹೆಂಡತಿ ಸಪ್ಪಗಿದ್ದಾಳೆಂದು ತಾತ ಚೋರ್ ಬಜಾರಿನಿಂದ ಕೀಲಿ ಕೊಡುವ ಒಂದು ಹಳೆಯ ಗ್ರಾಮಫೋನು ತಂದರು. ಅಲ್ಲಿಂದ ಮುಂದೆ ಸಂಬಳ ಬಂದ ತಿಂಗಳು ಒಂದೊಂದೇ ಪ್ಲೇಟು. ಮುಳ್ಳನ್ನು ಪ್ರತಿ ಮಗ್ಗುಲಿಗೂ ಬದಲಿಸಬೇಕಿತ್ತು. ಅಜ್ಜಿ ಒಂದೇ ಮುಳ್ಳನ್ನು ನಾಲ್ಕು ಸಲ ಓಡಿಸಿ ಉಳಿತಾಯ ಮಾಡುತ್ತಿದ್ದರಂತೆ. ಪ್ಲೇಟಿನ ಗೀರುಗಳು ಸವೆದದ್ದು ಹಾಗೆಯೇ. ಸ್ಪ್ರಿಂಗು ಬೇರೆ ಮುದಿಯಾಗಿತ್ತು. ಕೊನೆಯ ಅರ್ಧ ನಿಮಿಷಕ್ಕೆ ಬರುವಷ್ಟರಲ್ಲಿ ಪ್ಲೇಟು ನಿಧಾನವಾಗಿ, ಶ್ರುತಿ ಮೆಲ್ಲಗೆ ಇಳಿಯುತ್ತಿತ್ತು. ಮತ್ತೆ ಕೀಲಿ ಕೊಡುವುದು ಅಮ್ಮನ ಕೆಲಸ.

ಅಮ್ಮನ ಕಾಲಕ್ಕೆ ರೇಡಿಯೋ ಬಂತು, ಆಮೇಲೆ ಎಲ್‌ಪಿ, ಕ್ಯಾಸೆಟ್ಟು. ('ಆಕಾಶವಾಣಿ' ಎಂಬ ಹೆಸರು ಕೂಡ ಮೈಸೂರಿನದೇ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ನಡೆಸಿದ ಬಾನುಲಿ ಕೇಂದ್ರಕ್ಕೆ ಇದ್ದ ಹೆಸರು.) ಲಾಲ್ಗುಡಿ ಜಯರಾಮನ್, ಟಿ. ಎನ್. ಕೃಷ್ಣನ್, ಎಂ. ಎಸ್. ಗೋಪಾಲಕೃಷ್ಣನ್ ಮೂವರೂ ನಮ್ಮ ಮನೆಗೆ ಕ್ಯಾಸೆಟ್ಟಿನಲ್ಲಿ ಬಂದರು. ಆದರೆ ಅಜ್ಜಿ ಒಲೆ ಆರಿಸಿ ಬಂದು ಕೂತು ಕೇಳುತ್ತಿದ್ದದ್ದು ಎನ್. ರಾಜಮ್ ಅವರನ್ನು. ಅವರು ಟಿ. ಎನ್. ಕೃಷ್ಣನ್ ಅವರ ತಂಗಿ. ಕರ್ನಾಟಕ ಪದ್ಧತಿಯಲ್ಲಿ ಬೆಳೆದು, ಪಂಡಿತ್ ಓಂಕಾರನಾಥ ಠಾಕೂರರಲ್ಲಿ ಕಲಿತು, ಹಿಂದೂಸ್ತಾನಿ ಗಾಯಕಿಯನ್ನು ಪಿಟೀಲಿನ ಮೇಲೆ ತಂದವರು. ಮಗಳು ಸಂಗೀತಾ ಶಂಕರ್, ಮೊಮ್ಮಕ್ಕಳು ರಾಗಿಣಿ ಮತ್ತು ನಂದಿನಿ ಎಲ್ಲರೂ ಪಿಟೀಲು ವಾದಕಿಯರೇ. ಅವರ ಮೂರು ತಲೆಮಾರು ಒಟ್ಟಿಗೆ ನುಡಿಸುವ ವಿಡಿಯೋ ತೋರಿಸಿದ ದಿನ ಅಜ್ಜಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಆಯಮ್ಮ ಕಾಲು ಹೇಗೆ ಇಟ್ಕೊಂಡಿದಾರೆ, ಇನ್ನೊಂದ್ಸಲ ತೋರ್ಸು" ಎಂದರು. 2016ರಲ್ಲಿ ಎ. ಕನ್ಯಾಕುಮಾರಿಯವರಿಗೆ ಸಂಗೀತ ಕಲಾನಿಧಿ ಬಂತು. ಪಿಟೀಲು ವಾದಕಿಯೊಬ್ಬರಿಗೆ ಆ ಬಿರುದು ಸಿಕ್ಕಿದ್ದು ಅದೇ ಮೊದಲು. ಚೌಡಯ್ಯನವರಿಗೆ ಸಿಕ್ಕ 59 ವರ್ಷಗಳ ನಂತರ.

ಇನ್ನು ನನ್ನ ತಪ್ಪಿನ ವಿಷಯ. ಎಂಟೆಕ್ ಮಾಡಿದವಳು, ಪ್ಲೇಟುಗಳನ್ನೆಲ್ಲ ಡಿಜಿಟಲ್ ಮಾಡಿಬಿಡುತ್ತೇನೆ ಎಂದು ಹೊರಟೆ. ಒಳ್ಳೆಯ ಟರ್ನ್‌ಟೇಬಲ್ ತರಿಸಿದೆ. ಎಲ್‌ಪಿಯ ಮುಳ್ಳು ಇದಕ್ಕೆ ಆಗುವುದಿಲ್ಲ, 78ರ ಪ್ಲೇಟಿನ ಗೀರು ಸುಮಾರು ಮೂರು ಪಟ್ಟು ಅಗಲ ಎಂದು ಓದಿ ಬೇರೆ ಮುಳ್ಳನ್ನೂ ತರಿಸಿದೆ. ಓದದೆ ಬಿಟ್ಟದ್ದು ಒಂದೇ: ಈ ಪ್ಲೇಟುಗಳು ಪ್ಲಾಸ್ಟಿಕ್ ಅಲ್ಲ, ಅರಗು. ನಮ್ಮ ಕಾಡಿನ ಮರಗಳ ಮೇಲೆ ಹುಳು ಮಾಡುವ ಅರಗಿಗೆ ಕಲ್ಲಿನ ಪುಡಿ, ಕಾಡಿಗೆ ಬೆರೆಸಿ ಒತ್ತಿದ್ದು. ಬಡಗಿಗಳು ಮರಕ್ಕೆ ಹಚ್ಚುವ ಪಾಲಿಶ್ ಕೂಡ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗೇ. ನಾನು ಚೌಡಯ್ಯನವರ ವಾದನದ ಪ್ಲೇಟಿನ ಒಂದು ಮಗ್ಗುಲನ್ನು ಹತ್ತಿಯಲ್ಲಿ ಸ್ಪಿರಿಟ್ಟು ಅದ್ದಿ ಚೆನ್ನಾಗಿ ಒರೆಸಿದೆ. ಹತ್ತಿ ಕಪ್ಪಾಯಿತು. ಕೊಳೆ ಬಿಟ್ಟಿತು ಎಂದು ಖುಷಿಪಟ್ಟೆ. ಬಿಟ್ಟದ್ದು ಸಂಗೀತ. (ನಿಮ್ಮ ಮನೆಯಲ್ಲಿ ಇಂಥ ಪ್ಲೇಟುಗಳಿದ್ದರೆ ದಯವಿಟ್ಟು ಸ್ಪಿರಿಟ್ಟು ಮುಟ್ಟಿಸಬೇಡಿ.)

ಉಳಿದ ಮಗ್ಗುಲನ್ನು ಮುದ್ರಿಸಿ, ಕರಕರ ಸದ್ದು ತೆಗೆದು, ವೇಗ ಸರಿಮಾಡಿ ಅಜ್ಜಿಗೆ ಕೇಳಿಸಿದೆ. ವೇಗ ನೂರಕ್ಕೆ ಆರು ಪಾಲು ತಪ್ಪಿದರೆ ಶ್ರುತಿ ಒಂದು ಸ್ವರಸ್ಥಾನವೇ ತಪ್ಪುತ್ತದೆ, ಹಾಗಾಗಿ ಬಹಳ ಎಚ್ಚರದಿಂದ ಮಾಡಿದ್ದೆ. ಅಜ್ಜಿ ಕೊನೆಯವರೆಗೂ ಕೇಳಿ, "ಚೆನ್ನಾಗಿದೆ, ಆದ್ರೆ ನಮ್ಮನೇದಲ್ಲ, ಕೊನೇಲಿ ಇಳೀಬೇಕು" ಎಂದರು. ಇಳಿಯುತ್ತಿದ್ದದ್ದು ಸ್ಪ್ರಿಂಗು ಅಜ್ಜಿ, ಚೌಡಯ್ಯನವರಲ್ಲ ಎಂದೆ. ಗೊತ್ತು ಎಂದರು.

ಹಾಳಾದ ಮಗ್ಗುಲಿನ ವಿಷಯ ಆ ದಿನವೇ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಫೋನು ಹತ್ತಿರ ಇಡು ಎಂದರು. ಕಣ್ಣು ಮುಚ್ಚಿ, ಎಡಗೈ ಬೆರಳುಗಳನ್ನು ಮೊಣಕಾಲಿನ ಮೇಲೆ ಆಡಿಸುತ್ತಾ, ಮೂರು ನಿಮಿಷದ ಆ ರಾಗವನ್ನು ಮೊದಲಿನಿಂದ ಗುನುಗಿದರು. ಮಧ್ಯದಲ್ಲಿ ಒಂದು ಸಂಗತಿಯನ್ನು ಥಟ್ಟನೆ ಅರ್ಧಕ್ಕೆ ಬಿಟ್ಟು ಮತ್ತೆ ಅಲ್ಲಿಂದಲೇ ಹಿಡಿದರು, ಇನ್ನೊಮ್ಮೆ ಬಿಟ್ಟರು, ಮತ್ತೆ ಹಿಡಿದರು. ಮರೆತರೇನೋ ಎಂದು ನಾನು ಅಮ್ಮನ ಮುಖ ನೋಡಿದೆ. ಅಮ್ಮ ಮೆಲ್ಲಗೆ, "ಅಲ್ಲಿ ಗೀರು ಬಿದ್ದಿತ್ತು, ಮುಳ್ಳು ಹಾರ್ತಿತ್ತು" ಎಂದಳು.